ಕಣ್ಣು ಕೂಡಿಬಾರದ ಚಿತ್ರ

ಪ್ರೀತಿಯ ಪುಟ್ಟಿಗೆ,

ಅವನ ಚಿತ್ರ ಬರೆಯುತ್ತಿದ್ದೇನೆ, ಕಣ್ಣು ಮಾತ್ರ ಕೂಡಿಬರುತ್ತಿಲ್ಲ ಎಂದು ನೀನು ಮೊನ್ನೆ ಫೋನಿನಲ್ಲಿ ಹೇಳಿ ಸುಮ್ಮನಾದೆ. ನಾನೂ ಕೆದಕಲಿಲ್ಲ. ಅವನ ಮನಸ್ಸಿನಲ್ಲಿ ನೀನಿಲ್ಲ ಎಂಬುದು ನಿನ್ನ ದನಿಯಲ್ಲೇ ಇತ್ತು.

ಭಾನುವಾರ ಅವರೆಕಾಯಿ ಬಿಡಿಸುತ್ತಾ ಒಂದು ಮೂಕಿ ಚಿತ್ರ ನೋಡಲು ಕುಳಿತೆ. ಡೆನ್ಮಾರ್ಕಿನ ಕಾರ್ಲ್ ಥಿಯೋಡೋರ್ ಡ್ರೇಯರ್ 1924ರಲ್ಲಿ ಜರ್ಮನಿಯಲ್ಲಿ ತೆಗೆದ ‘ಮೈಕೆಲ್’. ಮಾತಿಲ್ಲದ ಸಿನಿಮಾವನ್ನು ಕೈಕೆಲಸದ ಜೊತೆ ನೋಡಲಾಗದು ಎಂಬುದು ಆಗಲೇ ತಿಳಿದದ್ದು. ತಲೆ ತಗ್ಗಿಸಿದರೆ ಕಥೆ ತಪ್ಪಿತು. ಅವರೆಕಾಯಿ ಮೂಲೆಗೆ ಸರಿಯಿತು.

ಝೊರೆ ಎಂಬ ಹೆಸರಾಂತ ಚಿತ್ರಕಾರ. ಮೈಕೆಲ್ ಎಂಬ ಹುಡುಗ ಹಿಂದೆ ತನ್ನ ಚಿತ್ರಗಳನ್ನು ತೋರಿಸಲು ಬಂದಿದ್ದ. ಝೊರೆ ಚಿತ್ರಗಳನ್ನು ಮೆಚ್ಚಲಿಲ್ಲ, ಹುಡುಗನನ್ನು ರೂಪದರ್ಶಿಯಾಗಿ ಉಳಿಸಿಕೊಂಡ, ಮಗನೆಂದ. ಅದು ಮಗನ ಮೇಲಿನ ಪ್ರೀತಿಯಷ್ಟೇ ಅಲ್ಲ. ಗಂಡು ಗಂಡನ್ನು ಬಯಸುವುದು ಜರ್ಮನಿಯಲ್ಲಿ ಆಗ ಶಿಕ್ಷಾರ್ಹ ಅಪರಾಧ. ಹಾಗಾಗಿ ಸಿನಿಮಾ ಅದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ, ಝೊರೆಯ ಮುಖಕ್ಕೆ ಬಿಟ್ಟುಬಿಡುತ್ತದೆ. ಆ ಪಾತ್ರ ಮಾಡಿದ ಬೆಂಜಮಿನ್ ಕ್ರಿಸ್ಟೆನ್ಸೆನ್ ಸ್ವತಃ ನಿರ್ದೇಶಕ. ಎಷ್ಟು ಕಡಿಮೆ ಅಲುಗಾಡುತ್ತಾನೆ, ನೋಡಬೇಕು.

ಕೈ ಬರಿದಾದ ರಾಜಕುಮಾರಿಯೊಬ್ಬಳು ತನ್ನ ಚಿತ್ರ ಬರೆಸಿಕೊಳ್ಳಲು ಬರುತ್ತಾಳೆ. ಝೊರೆಗೆ ಅವಳ ಕಣ್ಣೇ ದಕ್ಕುವುದಿಲ್ಲ. ಅಷ್ಟು ದೊಡ್ಡ ಗುರು ಸೋತು ಕುಂಚವನ್ನು ಹುಡುಗನ ಕೈಗೆ ಕೊಡುತ್ತಾನೆ, ಮೈಕೆಲ್ ಕಣ್ಣು ಬರೆದುಬಿಡುತ್ತಾನೆ! ಅವಳನ್ನು ಆಸೆಯಿಂದ ನೋಡುತ್ತಿದ್ದವನು ಅವನೊಬ್ಬನೇ. ಗುರುವಿಗೂ ಅದು ಅಲ್ಲಿಯೇ ಹೊಳೆದಿರಬೇಕು. ಈ ಲೆಕ್ಕದಲ್ಲಿ ನಿನಗೆ ಕಣ್ಣು ಬರುತ್ತಿಲ್ಲವೆಂದರೆ ನಿನ್ನ ಪ್ರೀತಿ ನೀನಂದುಕೊಂಡಷ್ಟು ಆಳದ್ದಲ್ಲವೇನೋ. ಸಿಟ್ಟಾಗಬೇಡ, ನನಗೆ ಒಳಗೊಳಗೇ ಸಮಾಧಾನವಾಯಿತು.

ಆಮೇಲಿನದು ನನಗೆ ಹಿಡಿಸಲಿಲ್ಲ. ರಾಜಕುಮಾರಿಯ ಬೆನ್ನುಹತ್ತಿದ ಮೈಕೆಲ್, ಗುರು ಉಡುಗೊರೆ ಕೊಟ್ಟ ಚಿತ್ರವನ್ನೇ ಮಾರುತ್ತಾನೆ. ಝೊರೆ ಅದನ್ನು ಕೊಂಡು ಮತ್ತೆ ಅವನಿಗೇ ಕಳುಹಿಸುತ್ತಾನೆ. ಮಹಾ ಪ್ರೀತಿಯೊಂದನ್ನು ಕಂಡೆ, ಇನ್ನು ನೆಮ್ಮದಿಯಿಂದ ಸಾಯಬಲ್ಲೆ ಎಂಬರ್ಥದ ಮಾತಿನಿಂದ ಸಿನಿಮಾ ಶುರುವಾಗುತ್ತದೆ. ಇರಬಹುದು. ಆದರೆ ಕೊಟ್ಟದ್ದಕ್ಕೆ ಬೆಲೆಯೇ ಇಲ್ಲವೆಂದು ಹುಡುಗನಿಗೆ ಕಲಿಸಿದವನೂ ಅವನೇ ಅಲ್ಲವೇ? ಹೀಗೆ ಗೊಣಗುತ್ತಿದ್ದವಳು, ಎಲ್ಲವನ್ನೂ ಕಳೆದುಕೊಂಡ ಮುದುಕನ ಚಿತ್ರವನ್ನು ಝೊರೆ ಕೊನೆಯದಾಗಿ ಬರೆದಾಗ ಬಾಯಿ ಮುಚ್ಚಿದೆ.

ನೀನು ನೋಡುವಾಗ ಸ್ವಿಟ್ ಎಂಬವನ ಮೇಲೆ ಕಣ್ಣಿಡು. ಝೊರೆಯ ಹಳೆಯ ಗೆಳೆಯ, ಪತ್ರಕರ್ತ. ಎಲ್ಲವನ್ನೂ ಮೊದಲೇ ಕಂಡವನು, ಹೇಳಿ ಬೈಸಿಕೊಂಡವನು. ಗುರು ಸಾಯುವಾಗ ಮೈಕೆಲ್ ಬರುವುದಿಲ್ಲ, ಪಕ್ಕದಲ್ಲಿ ಇರುವವನು ಸ್ವಿಟ್. ಆಸ್ತಿಯೆಲ್ಲ ಮೈಕೆಲ್‌ಗೆ, ಸ್ವಿಟ್‌ಗೆ ಸಿಕ್ಕದ್ದು ಹಾಸಿಗೆಯ ಪಕ್ಕ ಕೂರುವ ಜಾಗವಷ್ಟೇ. ನಿಮ್ಮಪ್ಪ ಮಾತ್ರ ಇದನ್ನು ಒಪ್ಪಲಿಲ್ಲ, ‘ಕಥೆ ಅವನದ್ದಲ್ಲವಲ್ಲ’ ಎಂದರು.

ಅವರೆಕಾಳನ್ನು ಒಣಗಿಸಿ ಇಟ್ಟಿದ್ದೇನೆ. ರಜೆಗೆ ಬರುವಾಗ ಆ ಚಿತ್ರವನ್ನೂ ತಾ. ಕಣ್ಣು ಬರೆಯದಿದ್ದರೂ ಸರಿ, ಹಾಗೆಯೇ ತಾ.

ನಿನ್ನ
ಅಮ್ಮ