ಒಂಬತ್ತನೇ ತರಗತಿಯ ಪಾಠದ ಬಗ್ಗೆ ಪೋಷಕರಿಗೆ

ಮಾನ್ಯ ಪೋಷಕರೇ,

ಮಾನಸಿಕ ಕಾಯಿಲೆಯ ಇತಿಹಾಸದ ಪಾಠ ನಡೆದ ಮೇಲೆ ನಿಮ್ಮಲ್ಲಿ ಕೆಲವರು ಬಂದು ಮಾತಾಡಿದಿರಿ, ಕೆಲವರು ಡೈರಿಯಲ್ಲಿ ಬರೆದು ಕಳಿಸಿದಿರಿ. ‘ಈ ವಯಸ್ಸಿಗೆ ಹುಚ್ಚಾಸ್ಪತ್ರೆಯ ಕಥೆ ಯಾಕೆ ಬೇಕು?’ ಎಂಬುದು ಹೆಚ್ಚಿನವರ ಪ್ರಶ್ನೆ. ಮಗಳು ಆ ರಾತ್ರಿ ಸರಿಯಾಗಿ ಮಲಗಲಿಲ್ಲ ಎಂದು ಒಬ್ಬ ತಾಯಿ ಹೇಳಿದರು. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಬೇಡಿ ಹಾಕಿದ ರೋಗಿಯ ಚಿತ್ರವನ್ನು ಮಕ್ಕಳಿಗೆ ಮೊದಲೇ ತಿಳಿಸದೆ ತೋರಿಸಿದ್ದು ನಮ್ಮ ತಪ್ಪು. ಮುಂದಿನ ವಿಭಾಗದಲ್ಲಿ ಹಾಗಾಗದಂತೆ ನೋಡಿಕೊಳ್ಳುತ್ತೇವೆ. ಆದರೆ ಪಾಠ ನಿಲ್ಲುವುದಿಲ್ಲ.

ಆ ಚಿತ್ರದಲ್ಲಿದ್ದವರು ಜೇಮ್ಸ್ ನಾರಿಸ್. ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಯಲ್ಲಿ ಅವರ ಕುತ್ತಿಗೆಗೂ ಎದೆಗೂ ಕಬ್ಬಿಣದ ಪಟ್ಟಿ ಬಿಗಿದು ಕಂಬಕ್ಕೆ ಕಟ್ಟಿದ್ದರು. 1814ರಲ್ಲಿ ಪರಿಶೀಲನೆಗೆ ಹೋದವರು ಕಂಡಾಗ ವರ್ಷಗಳಿಂದ ಅವರು ಹಾಗೇ ಇದ್ದರು. ಮಾತಾಡಿಸಿದರೆ ಸರಿಯಾಗಿ ಉತ್ತರ ಕೊಟ್ಟರು, ಪತ್ರಿಕೆ ಓದುತ್ತಿದ್ದರು. ಅವರ ಚಿತ್ರ ಅಚ್ಚಾಗಿ ಜನರ ಕೈ ಸೇರಿತು, 1815ರಲ್ಲಿ ಸಂಸತ್ತಿನ ಸಮಿತಿ ಇಂಥ ಆಸ್ಪತ್ರೆಗಳ ವಿಚಾರಣೆಗೆ ಕೂತಿತು. ಅದಕ್ಕೂ ಮೊದಲು ಜನ ಅಲ್ಲಿಗೆ ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದರು. 1770ರಲ್ಲಿ ನಿರ್ಬಂಧ ಬರುವವರೆಗೂ ಹಣ ಕೊಟ್ಟು ಒಳಗೆ ಹೋಗಿ, ರೋಗಿಗಳನ್ನು ನೋಡಿ ನಕ್ಕು ಬರುತ್ತಿದ್ದರು.

ಈ ನಗುವಿನ ಕಾರಣಕ್ಕೇ ನಾವು ಪಾಠ ಶುರು ಮಾಡಿದ್ದು. ಆಟದ ಮೈದಾನದಲ್ಲಿ ‘ಮೆಂಟಲ್’ ಎಂದು ಕೂಗಿ ಒಂದು ಮಗುವನ್ನು ಸುತ್ತುವರಿದು ನಗುವುದನ್ನು ನಾನೇ ಕಣ್ಣಾರೆ ಕಂಡೆ. ಈ ಶಾಲೆಯಲ್ಲಿ ಇನ್ನು ಮುಂದೆ ಆ ಮಾತನ್ನು ಬೈಗುಳವಾಗಿ ಆಡುವಂತಿಲ್ಲ. ಬರೀ ನಿಯಮ ಹಾಕಿದರೆ ಮಕ್ಕಳು ನಮ್ಮ ಬೆನ್ನ ಹಿಂದೆ ಆಡುತ್ತಾರೆ. ಯಾಕೆ ಆಡಬಾರದು ಎಂದು ಅವರಿಗೇ ಗೊತ್ತಾಗಬೇಕು.

‘ಇಂಥದ್ದನ್ನು ಹೇಳಿಕೊಟ್ಟರೆ ಮಕ್ಕಳ ತಲೆಯಲ್ಲಿ ಅದೇ ಕೂರುತ್ತದೆ’ ಎಂಬ ಭಯ ಹಲವರಿಗಿದೆ. ನಾನೂ ಮಕ್ಕಳನ್ನು ಬೆಳೆಸಿದವಳು, ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಹೆಸರು ಕೇಳಿದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಮಾನಸಿಕ ಕಾಯಿಲೆಗಳಲ್ಲಿ ಬಹಳಷ್ಟು ಹದಿಹರೆಯದಲ್ಲೇ ತಲೆದೋರುತ್ತವೆ, ಪಾಠ ಮಾಡಿದರೂ ಮಾಡದಿದ್ದರೂ. ತನಗೇನಾಗುತ್ತಿದೆ ಎಂದು ಹೇಳಿಕೊಳ್ಳಲು ಆ ಮಗುವಿಗೆ ಮಾತು ಬೇಕಲ್ಲ? ಮತ್ತೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ: ಹೆಸರು ಕೇಳಿದ್ದರಿಂದ ಯಾರಿಗೂ ಕಾಯಿಲೆ ಬಂದಿಲ್ಲ. ಹೇಳಿಕೊಳ್ಳಲಾಗದೆ ಒಳಗೇ ನವೆದವರು ಮಾತ್ರ ಎಲ್ಲ ಕಾಲದಲ್ಲೂ ಇದ್ದಾರೆ.

ಪಾಠದಲ್ಲಿ ಬರೀ ಕ್ರೌರ್ಯವೇ ಇಲ್ಲ. ಮಕ್ಕಳಿಗೆ ತುಂಬ ಹಿಡಿಸಿದವರು ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯ ಮೇಲ್ವಿಚಾರಕ ಪ್ಯುಸ್ಸಾಂ. ಅವರು ವೈದ್ಯರಲ್ಲ, ಒಂದು ಕಾಲದಲ್ಲಿ ಅಲ್ಲೇ ಬೇರೆ ಕಾಯಿಲೆಗೆ ಚಿಕಿತ್ಸೆ ಪಡೆದವರು. 1797ರಲ್ಲಿ ಅಲ್ಲಿನ ರೋಗಿಗಳ ಸರಪಳಿ ತೆಗೆಸಿದರು. ಅದರ ಕೀರ್ತಿ ಬಹುಕಾಲ ವೈದ್ಯ ಪಿನೆಲ್ ಅವರಿಗೇ ಸಂದಿತು. ಪಿನೆಲ್ ಸ್ವತಃ ಇವರಿಂದ ಕಲಿತವರು.

ಹಿಂದೆ ಮಾನಸಿಕ ರೋಗಿಗಳಿಗೆ ಮಾಡುತ್ತಿದ್ದ ಮಿದುಳಿನ ಶಸ್ತ್ರಚಿಕಿತ್ಸೆಯ ಭಾಗವನ್ನಾದರೂ ಬಿಡಿ ಎಂದು ಕೆಲವರು ಕೇಳಿದ್ದೀರಿ. ಶಸ್ತ್ರಚಿಕಿತ್ಸೆಯ ವಿವರಣೆ ಬಿಡುತ್ತೇವೆ, ವಿಷಯ ಬಿಡುವುದಿಲ್ಲ. 1935ರಲ್ಲಿ ಪೋರ್ಚುಗಲ್ಲಿನ ವೈದ್ಯ ಎಗಾಸ್ ಮೊನಿಜ್ ಆರಂಭಿಸಿದ ಆ ವಿಧಾನಕ್ಕೆ 1949ರಲ್ಲಿ ನೊಬೆಲ್ ಬಹುಮಾನವೇ ಬಂತು. ಅದರಿಂದ ಎಷ್ಟೋ ಜನ ಮೊದಲಿನ ವ್ಯಕ್ತಿಗಳಾಗಿ ಉಳಿಯಲಿಲ್ಲ. ಅದೇ 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್, ಉನ್ಮಾದದ ರೋಗಿಗಳಿಗೆ ಲಿಥಿಯಂ ಕೊಟ್ಟು ಗುಣ ಕಂಡದ್ದನ್ನು ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿರುವ ಔಷಧಿ. ಬಹುಮಾನ ಪಡೆದದ್ದು ತಪ್ಪಾಗಬಹುದು, ಸದ್ದಿಲ್ಲದೆ ಬಂದದ್ದು ನಿಲ್ಲಬಹುದು ಎಂದು ಈ ಒಂದು ವರ್ಷವೇ ಮಕ್ಕಳಿಗೆ ತೋರಿಸಿತು. ‘ಹಾಗಾದರೆ ಈಗ ಕೊಡುವ ಚಿಕಿತ್ಸೆ ಸರಿಯೆಂದು ಹೇಗೆ ಗೊತ್ತು, ಮಿಸ್?’ ಎಂದು ಒಬ್ಬ ಹುಡುಗ ಕೇಳಿದನಂತೆ. ಈ ಪಾಠದಿಂದ ನಾವು ಬಯಸಿದ್ದು ಇಂಥ ಪ್ರಶ್ನೆಯನ್ನೇ.

ತರಗತಿಯಲ್ಲಿ ಯಾರ ಮನೆಯ ವಿಷಯವನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದ್ದು, ಮಗು ಅದನ್ನು ನೆಂಟರೆದುರು ಕೇಳಿ ನಿಮಗೆ ಮುಜುಗರವಾಗಿದ್ದರೆ, ದಯವಿಟ್ಟು ಮಗುವನ್ನು ಗದರಬೇಡಿ. ಅದು ಕೇಳಿದ್ದು ಕಾಳಜಿಯಿಂದ.

ನಿಮ್ಮಿಂದ ಕೋರುವುದು ಒಂದೇ: ಮಗು ಈ ವಿಷಯ ಎತ್ತಿದರೆ ‘ಸುಮ್ಮನಿರು’ ಎನ್ನದೆ ಪೂರ್ತಿ ಕೇಳಿಸಿಕೊಳ್ಳಿ.

ಗುರುವಾರ ಸಂಜೆ ನಾಲ್ಕರಿಂದ ಐದೂವರೆಯವರೆಗೆ ನನ್ನ ಕೊಠಡಿಯಲ್ಲಿರುತ್ತೇನೆ. ಪಾಠದ ಟಿಪ್ಪಣಿ ನೋಡಬಯಸುವವರು ಬನ್ನಿ, ಒಪ್ಪದವರೂ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ