ಸಮುದ್ರ ಬಾಜೂಕೇ ಐತಲ್ಲ!

ನಮ್ಮ ಸಂಘದ ಪತ್ರಿಕೆಯ ಈ ಸಲದ ಸಂಪಾದಕೀಯವನ್ನು ಆಸ್ಟ್ರೇಲಿಯಾದ ಬ್ರಿಸ್ಬೇನಿನಿಂದ ಬರೆಯುತ್ತಿಲ್ಲ. ಗಂಗಾವತಿಯಲ್ಲಿ ಕಾಕಾನ ಮನೆಯ ಪಡಸಾಲೆಯಲ್ಲಿ ಕೂತಿದ್ದೇನೆ. ಸಂಚಿಕೆ ನಾಲ್ಕು ದಿನ ತಡವಾದರೆ ತಪ್ಪು ಇಲ್ಲಿನ ಮಂಡಾಳ ಒಗ್ಗರಣಿ ಮತ್ತು ಮಿರ್ಚಿಯದ್ದು, ನನ್ನದಲ್ಲ.

ನಿನ್ನೆ ಕಂಪ್ಲಿಗೆ ಹೋಗಬೇಕಿತ್ತು. ಸೇತುವೆ ಮುಳುಗಿತ್ತು. ಬುಕ್ಕಸಾಗರದ ಕಡೆ ಸುತ್ತು ಹಾಕುವಷ್ಟು ತುರ್ತು ಕೆಲಸವಲ್ಲ ಅಂತ ವಾಪಸ್ ಬಂದೆವು. ವಿಚಿತ್ರ ಏನೆಂದರೆ ತಲೆ ಮೇಲೆ ಚುರುಗುಟ್ಟುವ ಬಿಸಿಲು. ವಾರದಿಂದ ಇಲ್ಲಿ ಹನಿ ಮಳೆ ಇಲ್ಲ. ಇಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ ಬಿಡಿ. ಮಳೆ ಬಿದ್ದದ್ದು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ. ಆ ನೀರು ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ ತುಂಗಭದ್ರೆಯಾಗಿ, ಮುನಿರಾಬಾದಿನ ಡ್ಯಾಮ್ ತುಂಬಿಸಿ, ಗೇಟು ಎತ್ತಿದ ಮೇಲೆ ನಮ್ಮ ಕಡೆ ಬರುತ್ತದೆ. ಹಂಪಿಯ ಪುರಂದರ ಮಂಟಪ, ಆನೆಗೊಂದಿಯ ನವವೃಂದಾವನ ಗಡ್ಡೆ ಮುಳುಗುವುದೂ ಹೀಗೆಯೇ.

ಹಾಗಾಗಿ ಕಾಕಾ ಬೆಳಿಗ್ಗೆ ಎದ್ದು ಆಕಾಶ ನೋಡುವುದಿಲ್ಲ, ಪೇಪರ್ ನೋಡುತ್ತಾನೆ. ಡ್ಯಾಮಿನ ಮಟ್ಟ ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗಿನಿಂದ ಈ ಚಟ ಇನ್ನೂ ಜಾಸ್ತಿಯಾಗಿದೆ.

ನಾನು ಬ್ರಿಸ್ಬೇನಿನ 2022ರ ಪ್ರವಾಹದ ಫೋಟೊಗಳನ್ನು ತೋರಿಸುತ್ತಿದ್ದೆ. ನಮ್ಮ ಗ್ಯಾರೇಜಿನಲ್ಲಿ ಮೊಣಕಾಲುದ್ದ ನೀರು. ಅದರಲ್ಲಿ ಸಂಘದ ರಾಜ್ಯೋತ್ಸವದ ಬ್ಯಾನರು, ಹಳೆಯ ಸಂಚಿಕೆಗಳ ಡಬ್ಬಿ, ಎಲ್ಲ ತೇಲುತ್ತಿವೆ. ಕಾಕಾ ಫೋಟೊ ಹಿಗ್ಗಿಸಿ ನೋಡಿ ಕೇಳಿದ: “ಅಲ್ಲವ್ವಾ, ಸಮುದ್ರ ಬಾಜೂಕೇ ಐತಲ್ಲ! ನೀರು ಹೋಗಿ ಸಮುದ್ರಕ್ಕ ಬೀಳಾಕ ಏನ್ ತ್ರಾಸು? ಡ್ಯಾಮಿಂದ ಎಷ್ಟು ಬಿಟ್ಟಿದ್ರು?”

ಬ್ರಿಸ್ಬೇನಿಗೆ ಹೊಸದಾಗಿ ಬರುವ ಎಷ್ಟೋ ಕುಟುಂಬಗಳೂ ಇದನ್ನೇ ಕೇಳುತ್ತವೆ. ಕಾಕಾನಿಗೆ ಕೊಟ್ಟ ಉತ್ತರವನ್ನೇ ಅಲ್ಲಿನ ಮಳೆಗಾಲಕ್ಕೆ ಮುಂಚೆ ನಿಮಗೂ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಕೊಪ್ಪಳ ಜಿಲ್ಲೆಯಲ್ಲಿ ವರ್ಷಪೂರ್ತಿ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. 2022ರ ಫೆಬ್ರವರಿ ಕೊನೆಗೆ ಬ್ರಿಸ್ಬೇನಿನಲ್ಲಿ ಬರೀ ಮೂರು ದಿನಕ್ಕೆ 676.8 ಮಿಲಿಮೀಟರ್ ಸುರಿಯಿತು. ಇಲ್ಲಿನ ಇಡೀ ವರ್ಷದ ಮಳೆ ಶುಕ್ರವಾರ ಶುರುವಾಗಿ ಸೋಮವಾರ ಬೆಳಿಗ್ಗೆಗೆ ಮುಗಿದರೆ ಹೇಗಿರುತ್ತದೆ? ಕಾಕಾ “ಆಂ!” ಅಂದ. ಆಮೇಲೆ ಎರಡು ನಿಮಿಷ ಮಾತಾಡಲಿಲ್ಲ.

ಅಷ್ಟು ನೀರು ಎಲ್ಲಿಂದ ಬರುತ್ತದೆ? ಕಾಕಾ ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದವನು. ಅವನಿಗೆ ಮಿಲ್ಲಿನ ಭಾಷೆಯಲ್ಲೇ ಹೇಳಿದೆ. ಸಮುದ್ರ ಅಂದರೆ ಗೋದಾಮು. ಬೇಸಿಗೆಯಲ್ಲಿ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಸಮುದ್ರ ಬೆಚ್ಚಗಿರುತ್ತದೆ, ಅದರ ಮೇಲಿನ ಗಾಳಿ ತೇವ ತುಂಬಿಕೊಂಡಿರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು. ಸರಕು ಗೋದಾಮಿನಲ್ಲಿದ್ದರೆ ಸಾಲದು, ತರುವ ಬೆಲ್ಟ್ ಬೇಕು. ಆ ಬೆಲ್ಟ್ ಪೂರ್ವದ ಗಾಳಿ. ನ್ಯೂಜಿಲೆಂಡ್ ಕಡೆ ದೊಡ್ಡ ಅಧಿಕ ಒತ್ತಡದ ಪ್ರದೇಶ ಕೂತುಬಿಟ್ಟರೆ, ಅದರ ಉತ್ತರದ ಅಂಚಿನ ಗಾಳಿ ಸಮುದ್ರದ ಮೇಲಿಂದ ನೇರ ನಮ್ಮ ಕರಾವಳಿಗೆ ಬೀಸುತ್ತದೆ. ಆಮೇಲೆ ಎಲಿವೇಟರ್. ಆಕಾಶದಲ್ಲಿ ತುಂಬಾ ಮೇಲೆ ತಣ್ಣನೆಯ ಗಾಳಿಯ, ಕಡಿಮೆ ಒತ್ತಡದ ಒಂದು ತಗ್ಗು ಬಂದು ನಿಂತರೆ ಕೆಳಗಿನ ಬಿಸಿ ಗಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಊರ ಹಿಂದಿನ ಗುಡ್ಡಗಳೂ ಕೈ ಜೋಡಿಸುತ್ತವೆ. ಮೇಲೆ ಹೋದ ಗಾಳಿ ತಣ್ಣಗಾಗಿ ಹೊತ್ತದ್ದನ್ನೆಲ್ಲ ಸುರಿಯುತ್ತದೆ.

ಈ ಮೂರೂ ಸೇರುವುದು ಅಪರೂಪವಲ್ಲ. ಸೇರಿ, ಒಂದೇ ಕಡೆ ನಿಂತುಬಿಟ್ಟರೆ ಮಾತ್ರ ಅನಾಹುತ. 2022ರಲ್ಲಿ ಆದದ್ದು ಅದೇ. ಅಧಿಕ ಒತ್ತಡ ಪೂರ್ವದಲ್ಲಿ ಅಡ್ಡಗಟ್ಟಿ ಕೂತಿತ್ತು. ಮಳೆಯ ವ್ಯವಸ್ಥೆ ಜಾಗ ಬಿಟ್ಟು ಕದಲಲೇ ಇಲ್ಲ. ಚಂಡಮಾರುತವೇ ಬರಬೇಕೆಂದಿಲ್ಲ ಅನ್ನುವುದನ್ನು ಹೊಸಬರು ಗಮನಿಸಬೇಕು. 1974ರಲ್ಲಿ ಬಂದ ವಾಂಡಾ ಗಾಳಿಯ ಲೆಕ್ಕದಲ್ಲಿ ದುರ್ಬಲ ಚಂಡಮಾರುತ. ಆದರೆ ಅದರ ಹಿಂದೆ ಬಂದ ಮಳೆಗೆ ಬ್ರಿಸ್ಬೇನ್ ನದಿ 5.45 ಮೀಟರ್ ಮಟ್ಟಕ್ಕೆ ಏರಿತು. 2011ರಲ್ಲಿ 4.46, 2022ರಲ್ಲಿ 3.85. ನದಿಯ ಮಟ್ಟ 2011ಕ್ಕಿಂತ ಕಡಿಮೆಯೇ. ಆದರೂ ಆಗ ಒಣಗಿದ್ದ ಎಷ್ಟೋ ಬೀದಿಗಳು ಈ ಸಲ ಮುಳುಗಿದವು, ನಮ್ಮದೂ ಸೇರಿ.

“ಹಂಗಾರ ಡ್ಯಾಮು?” ಕಾಕಾ ಡ್ಯಾಮ್ ಬಿಡುವ ಪೈಕಿ ಅಲ್ಲ.

ಡ್ಯಾಮ್ ಇದೆ. 1974ರ ಪ್ರವಾಹದ ನಂತರ ಕಟ್ಟಿ ಮುಗಿಸಿದ ವೈವೆನ್‌ಹೋ. ಕುಡಿಯುವ ನೀರಿಗೆ ಅದರಲ್ಲಿ ಸುಮಾರು 41 ಟಿಎಂಸಿ ಜಾಗ. ಅದರ ಮೇಲೆ ಪ್ರವಾಹ ತಡೆಯುವುದಕ್ಕೆಂದೇ ಖಾಲಿ ಇಟ್ಟುಕೊಂಡ ಜಾಗ ಅದಕ್ಕಿಂತಲೂ ಜಾಸ್ತಿ. ಇದು ಕಾಕಾನಿಗೆ ಜೀರ್ಣವೇ ಆಗಲಿಲ್ಲ. ನಮ್ಮ ತುಂಗಭದ್ರೆ ಕಟ್ಟುವಾಗ ಸುಮಾರು 133 ಟಿಎಂಸಿ ಇದ್ದದ್ದು ಹೂಳು ತುಂಬಿ 105.788ಕ್ಕೆ ಇಳಿದಿದೆ, ಆ ಹೂಳಿನ ಚಿಂತೆಯಲ್ಲೇ ಇಲ್ಲಿನ ರೈತರ ನಿದ್ದೆ ಹೋಗಿದೆ. ಅಲ್ಲಿ ನೋಡಿದರೆ ಬೇಕೆಂತಲೇ ಅರ್ಧ ಡ್ಯಾಮ್ ಖಾಲಿ ಇಡುತ್ತಾರೆ! “ಎರಡನೇ ಬೆಳಿಗೆ ನೀರು ಕೊಡೋದಿಲ್ಲೇನು?” ಅಂತ ಕೇಳಿದ. ಆ ಚರ್ಚೆ ಬೇರೆಯೇ ಆಯಿತು, ಇಲ್ಲಿ ಬೇಡ.

ವಿಷಯ ಏನೆಂದರೆ ಡ್ಯಾಮ್ ತನ್ನ ಮೇಲ್ಗಡೆ ಬಿದ್ದ ಮಳೆಯನ್ನಷ್ಟೇ ಹಿಡಿಯಬಲ್ಲದು. ಅದರ ಕೆಳಗೆ, ಊರಿನ ಮೇಲೇ ಬಿದ್ದದ್ದನ್ನು ಯಾವ ಗೇಟು ಹಿಡಿಯುತ್ತದೆ? ಅಲ್ಲಿ ಆಗುಂಬೆಯೂ ಗಂಗಾವತಿಯೂ ಒಂದೇ ಊರಾದ ಹಾಗೆ. ಬಿದ್ದ ನೀರು ಊರೊಳಗಿನ ಕ್ರೀಕ್‌ಗಳಲ್ಲಿ ಒಂದೆರಡು ಗಂಟೆಯಲ್ಲಿ ಉಕ್ಕುತ್ತದೆ. ವಾರಗಟ್ಟಲೆ ಮೊದಲೇ ಮಳೆಯಾಗಿ ನೆಲ ನೆನೆದಿದ್ದರಂತೂ ಒಂದು ಹನಿಯೂ ಇಂಗುವುದಿಲ್ಲ. ಇನ್ನು ಸಮುದ್ರ. ಬ್ರಿಸ್ಬೇನ್ ನದಿಗೆ ಊರೊಳಗೂ ಸಮುದ್ರದ ಉಬ್ಬರ ಇಳಿತ ತಟ್ಟುತ್ತದೆ. ಉಬ್ಬರದ ಹೊತ್ತಿಗೆ ನೀರು ಹೊರಗೆ ಹೋಗುವ ಬಾಗಿಲು ಅರ್ಧ ಮುಚ್ಚಿದ ಹಾಗೆ. ಚರಂಡಿ ಪೈಪಿನಲ್ಲಿ ನದಿ ನೀರೇ ತಿರುಗಿ ಬೀದಿಗೆ ಬರುತ್ತದೆ. ಸಮುದ್ರ ಬಾಜೂಕೆ ಇರುವುದೇ ತ್ರಾಸು, ಕಾಕಾ.

ಆಗ ಅವನೇ ಒಂದು ಮಾತು ಹೇಳಿದ. “ಹಂಗಾರ ಅದು ಹೊಳಿ ಅಲ್ಲ, ಹಳ್ಳ. ಹೊಳಿ ಹೇಳಿ ಬರತೈತಿ, ಹಳ್ಳ ಹೇಳಂಗಿಲ್ಲ.”

ನಾನು ಅಷ್ಟು ವರ್ಷ ಕ್ರೀಕ್ ಅನ್ನುವುದನ್ನು ಕನ್ನಡದಲ್ಲಿ ಏನು ಬರೆಯಬೇಕು ಅಂತ ತೊರೆ, ಕಾಲುವೆ ಎಂದೆಲ್ಲ ತಡಕಾಡುತ್ತಿದ್ದೆ. ಹಳ್ಳ! ವರ್ಷವಿಡೀ ಒಣಗಿ, ಕುರಿ ದಾಟಿ, ಒಂದು ಸಂಜೆ ಎತ್ತಿನ ಗಾಡಿಯನ್ನೇ ಎಳೆದುಕೊಂಡು ಹೋಗುವ ಹಳ್ಳ.

ಹಳ್ಳದ ಮಾತಿನಿಂದ ಕಾಕಾ 2009ಕ್ಕೆ ಹೋದ. ಅದು ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಮುದ್ರದ ನೀರು ಬಿಸಿಯಾಗಿ ಸಾಮಾನ್ಯವಾಗಿ ನಮ್ಮ ಮುಂಗಾರು ಸೊರಗುವ ವರ್ಷ. ದೇಶದಲ್ಲೆಲ್ಲ ಮಳೆ ಕೈ ಕೊಟ್ಟಿತ್ತು, ಬರ ಅಂತಲೇ ಎಲ್ಲರೂ ಕೈ ಚೆಲ್ಲಿದ್ದರು. ಸೆಪ್ಟೆಂಬರ್ ಕೊನೆಗೆ ಬಂಗಾಳ ಕೊಲ್ಲಿಯಿಂದ ವಾಯುಭಾರ ಕುಸಿತ ಬಂತು. ಮಲೆನಾಡಿನ ಮೇಲಲ್ಲ, ರಾಯಚೂರು, ಕೊಪ್ಪಳ, ಬಳ್ಳಾರಿಯ ತಲೆ ಮೇಲೇ ಸುರಿಯಿತು. ಅಕ್ಟೋಬರ್ 2ರ ಹೊತ್ತಿಗೆ ಮಂತ್ರಾಲಯದ ಮಠದೊಳಗೂ ತುಂಗಭದ್ರೆ ನುಗ್ಗಿತ್ತು. ಆ ವಾರ ಪೇಪರಿನ ಕ್ಯೂಸೆಕ್ ಲೆಕ್ಕ ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಹಾಗಾಗಿ ಎಲ್ ನಿನೊಗೆ ತದ್ವಿರುದ್ಧವಾದ ಲಾ ನಿನಾ ಅಂತ ಸುದ್ದಿ ಬಂದರೆ ಮಾತ್ರ ಎಚ್ಚರವಾಗಿರುತ್ತೇನೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಲಾ ನಿನಾ ವರ್ಷಗಳಲ್ಲಿ ಪೆಸಿಫಿಕ್‌ನ ಬಿಸಿನೀರು ಆಸ್ಟ್ರೇಲಿಯಾ ಕಡೆ ಸರಿದು ಅಲ್ಲಿ ಮಳೆ ಹೆಚ್ಚುತ್ತದೆ, ನಿಜ. 2011 ಮತ್ತು 2022 ಎರಡೂ ಅಂಥವೇ. ಆದರೆ ಅದು ಇಡೀ ಋತುವಿನ ಮಾತು. ನಿಮ್ಮ ಗ್ಯಾರೇಜಿಗೆ ನೀರು ಬರುವುದು ಮೂರು ದಿನದ ಮಾತು. ನವೆಂಬರಿನಿಂದ ಏಪ್ರಿಲ್‌ವರೆಗೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡುತ್ತಿರಿ. ಬಾಡಿಗೆ ಮನೆ ಹಿಡಿಯುವ ಮುಂಚೆ ನಗರಪಾಲಿಕೆಯ ಪ್ರವಾಹ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ. ನಾವು ನೋಡಿರಲಿಲ್ಲ. ಸಂಘದ ಬ್ಯಾನರು ಈಗ ಎರಡನೇ ಮಹಡಿಯಲ್ಲಿರುವ ಸದಸ್ಯರೊಬ್ಬರ ಮನೆಯಲ್ಲಿದೆ.

ಇವತ್ತು ಬ್ಯಾಗು ಕಟ್ಟುತ್ತಿದ್ದಾಗ ಕಾಕಾ ಬಂದು ಪಕ್ಕದಲ್ಲಿ ಕೂತ.

“ಈಗೂ ಅದ ಮನ್ಯಾಗ ಇದ್ದೀರೇನು?”

“ಹೂಂ ಕಾಕಾ.”

“ಮಳಿ ಹಿಡೀತು ಅಂದ್ರ ಕಾರು ಮ್ಯಾಲಿನ ಓಣ್ಯಾಗ ಹಚ್ಚಿ ಬರಾಕ ಹೇಳವ್ವಾ ಅಳಿಯಗ. ರಾತ್ರಿ ಅಲ್ಲ, ಸಂಜೀಕೇ.”