ಲಾನ್ಸರೋಟೆಯ ಬಿಸಿಲಿನ ಜೊತೆಗೆ ಬೂದಿಯ ಕಥೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಪ್ರತಿವರ್ಷ ಡಿಸೆಂಬರ್ ಸಮೀಪಿಸುತ್ತಿದ್ದಂತೆ ನಮ್ಮ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಚಳಿಗಾಲಕ್ಕೆ ಗಂಡ ಹೆಂಡತಿ ಹೋಗಿಬರಬಹುದಾದ ಬೆಚ್ಚನೆಯ ತಾಣಗಳ ಪಟ್ಟಿ ಪ್ರಕಟವಾಗುತ್ತದೆ. ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳಿಗೂ ಅದರಲ್ಲಿ ನಾಲ್ಕು ಸಾಲು ಸಿಗುತ್ತವೆ: ಬಿಸಿಲು, ಕಡಲತೀರ, ಜ್ವಾಲಾಮುಖಿ, ಅಗ್ಗದ ವಿಮಾನ. ಹದಿನಾಲ್ಕು ವರ್ಷಗಳಿಂದ ಇಂಗ್ಲೆಂಡಿನಲ್ಲಿ ನೆಲೆಸಿರುವ ನಾನು ಮತ್ತು ನನ್ನ ಪತ್ನಿ ಅಂಥದೇ ನಾಲ್ಕು ಸಾಲು ಓದಿಕೊಂಡು ಕಳೆದ ಜನವರಿಯಲ್ಲಿ ಆ ದ್ವೀಪಸಮೂಹದ ಲಾನ್ಸರೋಟೆಗೆ ಎಂಟು ದಿನಗಳ ಮಟ್ಟಿಗೆ ಹೋಗಿದ್ದೆವು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ದ್ವೀಪದ ಜನ ಏನನ್ನು ಉಂಡು, ಎಲ್ಲಿಯ ನೀರು ಕುಡಿದು, ಯಾವ ಕಟ್ಟುಪಾಡಿನಿಂದ ತಮ್ಮ ನೆಲವನ್ನು ಉಳಿಸಿಕೊಂಡಿದ್ದಾರೆ ಎಂಬುದರ ಸುಳಿವೇ ಅದರಲ್ಲಿರಲಿಲ್ಲ. ಹೋಗುವ ಮೊದಲೇ ಇದು ತಿಳಿದಿದ್ದರೆ ನಮ್ಮ ಎಂಟು ದಿನಗಳನ್ನು ಬೇರೆ ರೀತಿಯಲ್ಲಿ ಕಳೆಯುತ್ತಿದ್ದೆವು ಎಂಬ ಕೊರಗಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಬಿಸಿಲಿನ ವಿಚಾರವನ್ನೇ ಹೇಳಿಬಿಡುತ್ತೇನೆ. ಲಾನ್ಸರೋಟೆ ಇರುವುದು ಸುಮಾರು 29 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ದೆಹಲಿಯ ನೇರದಲ್ಲಿ. ದೆಹಲಿಯ ಜನವರಿಯ ಚಳಿ ಇಲ್ಲಿಲ್ಲ, ಏಕೆಂದರೆ ಸುತ್ತಲಿನ ಅಟ್ಲಾಂಟಿಕ್ ಸಾಗರ ಹಗಲಿನ ತಾಪ 20-21 ಡಿಗ್ರಿಯ ಆಸುಪಾಸಿನಲ್ಲಿ, ರಾತ್ರಿಯದು 14 ಡಿಗ್ರಿಯ ಹತ್ತಿರ ನಿಲ್ಲುವಂತೆ ನೋಡಿಕೊಳ್ಳುತ್ತದೆ. ನಾವು ಹೊರಟ ಊರಿನಲ್ಲಿ ಕಾರಿನ ಗಾಜಿನ ಮೇಲಿನ ಮಂಜನ್ನು ಕೆರೆದು ಹೊರಟವರಿಗೆ ನಾಲ್ಕು ಗಂಟೆಯ ಹಾರಾಟದ ನಂತರ ಸಿಕ್ಕ ಆ ಬಿಸಿಲು ನಿಜಕ್ಕೂ ಮೈಗೆ ಹಿತವಾಗಿತ್ತು. ಹಾಗೆಂದು ಸಮುದ್ರದ ನೀರು ಬೆಚ್ಚಗಿರುತ್ತದೆಂದು ಯಾರೂ ಭಾವಿಸಬಾರದು. ಆ ತಿಂಗಳಲ್ಲಿ ಅದು 18-19 ಡಿಗ್ರಿ ಮಾತ್ರ; ಕಾಲಿಟ್ಟ ಕೂಡಲೇ ಮೈ ಜುಮ್ಮೆನ್ನುತ್ತದೆ. ಈಶಾನ್ಯದಿಂದ ಬೀಸುವ ಗಾಳಿಗೆ ಬಿಡುವಿಲ್ಲ, ಸಂಜೆಗೊಂದು ಉಣ್ಣೆಯ ಅಂಗಿ ಬೇಕೇಬೇಕು. ಕೆಲವೊಮ್ಮೆ ಗಾಳಿ ದಿಕ್ಕು ಬದಲಿಸಿ ಸಹಾರಾ ಮರುಭೂಮಿಯ ಧೂಳನ್ನು ಹೊತ್ತು ತರುತ್ತದೆ, ಅದಕ್ಕೆ ಅಲ್ಲಿಯವರು ‘ಕಾಲಿಮಾ’ ಎನ್ನುತ್ತಾರೆ. ಉಸಿರಾಟದ ತೊಂದರೆಯಿರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಮಳೆಯ ಮಾತು ಬೇರೆ. ಅದೇ ದ್ವೀಪಸಮೂಹದ ತೆನೆರಿಫೆ ದ್ವೀಪದಲ್ಲಿ 3,715 ಮೀಟರ್ ಎತ್ತರದ ತೆಯ್ದೆ ಶಿಖರವಿದೆ, ಅಲ್ಲಿಯ ಇಳಿಜಾರುಗಳು ಮೋಡಗಳನ್ನು ತಡೆದು ನೀರಿಳಿಸುತ್ತವೆ. ಲಾನ್ಸರೋಟೆಯ ಅತಿ ಎತ್ತರದ ತಾಣವೇ 671 ಮೀಟರ್, ಹಾಗಾಗಿ ಮೋಡಗಳು ತಲೆಯ ಮೇಲೆ ಹಾದು ಹೋಗಿಬಿಡುತ್ತವೆ. ವರ್ಷದ ಮಳೆ 150 ಮಿಲಿಮೀಟರಿನ ಆಸುಪಾಸು. ನದಿಯಿಲ್ಲ. ಹಿಂದಿನವರು ಮನೆಯ ಮುಂದೆ ತೊಟ್ಟಿ ಕಟ್ಟಿ ಮಳೆನೀರು ಹಿಡಿದಿಟ್ಟುಕೊಂಡು ಬದುಕುತ್ತಿದ್ದರು. 1960ರ ದಶಕದಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ಸ್ಥಾವರ ಬಂದ ಮೇಲೆಯೇ ಅಲ್ಲಿ ದೊಡ್ಡ ಪ್ರಮಾಣದ ಪ್ರವಾಸೋದ್ಯಮ ಸಾಧ್ಯವಾದದ್ದು. ಇಂದಿಗೂ ನಲ್ಲಿಯಲ್ಲಿ ಬರುವ ನೀರೆಲ್ಲ ಹೆಚ್ಚುಕಡಿಮೆ ಇಂಧನ ಸುಟ್ಟು ಸಮುದ್ರದಿಂದ ತೆಗೆದದ್ದೇ. ನಾವು ತಂಗಿದ್ದ ಹೋಟೆಲಿನಲ್ಲಿ ಎರಡು ಈಜುಕೊಳಗಳಿದ್ದವು, ಸ್ನಾನದ ಮನೆಯಲ್ಲಿ ನೀರಿಗೆ ಕೊರತೆಯಿರಲಿಲ್ಲ. ಈ ಸಂಗತಿ ನಮಗೆ ಗೊತ್ತಾದದ್ದು ಐದನೆಯ ದಿನ, ಅದೂ ದ್ರಾಕ್ಷಿ ತೋಟದವರೊಬ್ಬರ ಬಾಯಿಂದ. ಮೊದಲ ನಾಲ್ಕು ದಿನ ಬಚ್ಚಲಿನಲ್ಲಿ ಸುರಿದ ನೀರನ್ನು ನೆನೆದು ನನ್ನ ಪತ್ನಿ ನೊಂದುಕೊಂಡಳು. ಅವಳು ವಿಜಯಪುರ ಜಿಲ್ಲೆಯ ಒಣಬೇಸಾಯದ ಮನೆತನದಲ್ಲಿ ಬೆಳೆದವಳು, ಕೊಡದ ಲೆಕ್ಕದಲ್ಲಿ ನೀರು ಕಂಡವಳು.

ಆ ತೋಟದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. 1730ರ ಸೆಪ್ಟೆಂಬರ್ 1ರ ರಾತ್ರಿ ಒಂಬತ್ತು ಹತ್ತು ಗಂಟೆಯ ನಡುವೆ ತಿಮಾನ್‌ಫಾಯಾ ಎಂಬ ಹಳ್ಳಿಯ ಬಳಿ ನೆಲ ಬಾಯಿಬಿಟ್ಟಿತೆಂದು ಯಾಯ್ಸಾ ಊರಿನ ಪಾದ್ರಿ ಆಂದ್ರೆಸ್ ಲೊರೆಂಸೊ ಕುರ್ಬೆಲೊ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಆ ಬೆಂಕಿ ಆರಿದ್ದು 1736ರ ಏಪ್ರಿಲ್‌ನಲ್ಲಿ. ಸುಮಾರು ಆರು ವರ್ಷಗಳ ಕಾಲ ಒಂದಾದ ಮೇಲೊಂದು ಬಾಯಿ ತೆರೆದು ಲಾವಾ ಹರಿದು, ದ್ವೀಪದ ಕಾಲು ಭಾಗ ಮುಚ್ಚಿಹೋಯಿತು. ಮುಚ್ಚಿದ್ದು ಬರಡು ನೆಲವಲ್ಲ, ಕಾಳುಕಡಿ ಬೆಳೆಯುತ್ತಿದ್ದ ಹಸನಾದ ಭೂಮಿ. ಹಳ್ಳಿಗಳಿಗೆ ಹಳ್ಳಿಗಳೇ ಅದರಡಿ ಸೇರಿದವು. ಎಷ್ಟೋ ಸಂಸಾರಗಳು ದೋಣಿಯೇರಿ ಬೇರೆ ದ್ವೀಪಗಳಿಗೆ ಹೊರಟುಹೋದವು. ಉಳಿದವರು ಬೂದಿಯ ಮೇಲೆ ಕುಳಿತು ಅಳುತ್ತಾ ಕಾಲ ಕಳೆಯಲಿಲ್ಲ. ಅವರು ಕಂಡುಕೊಂಡದ್ದೇನೆಂದರೆ, ಜ್ವಾಲಾಮುಖಿ ಉಗುಳಿದ ಆ ಕರಿ ಹರಳು ತೆಳುವಾಗಿ ಬಿದ್ದ ಕಡೆ ಪೈರು ಮೊದಲಿಗಿಂತ ಚೆನ್ನಾಗಿ ಬರುತ್ತದೆ. ರಂಧ್ರಗಳಿಂದ ತುಂಬಿದ ಆ ಹರಳು ರಾತ್ರಿಯ ಇಬ್ಬನಿಯನ್ನು ಹೀರಿ ಕೆಳಗಿನ ಮಣ್ಣಿಗೆ ಇಳಿಸುತ್ತದೆ, ಹಗಲಿನಲ್ಲಿ ಹೊದಿಕೆಯಾಗಿ ನಿಂತು ಆ ತೇವ ಆರಿಹೋಗದಂತೆ ಕಾಯುತ್ತದೆ. ಅದನ್ನು ಅಲ್ಲಿಯವರು ‘ಪಿಕೋನ್’ ಎನ್ನುತ್ತಾರೆ.

ಲಾ ಹೇರಿಯಾ ಎಂಬ ಕಣಿವೆಯಲ್ಲಿ ಹರಳು ದಪ್ಪವಾಗಿ ಬಿದ್ದಿದೆ. ಅಲ್ಲಿ ರೈತರು ಹಳೆಯ ಮಣ್ಣು ಸಿಗುವವರೆಗೂ ಲಾಳಿಕೆಯ ಬಾಯಿಯಂಥ ಅಗಲವಾದ ಗುಂಡಿ ತೋಡಿ, ಒಂದೊಂದು ಗುಂಡಿಯಲ್ಲಿ ಒಂದು ಅಥವಾ ಎರಡು ಮಾಲ್ವಸಿಯಾ ದ್ರಾಕ್ಷಿಬಳ್ಳಿ ನೆಟ್ಟು, ಗಾಳಿ ಬರುವ ಕಡೆಗೆ ಅರ್ಧಚಂದ್ರಾಕಾರದ ಮೋಟುಗೋಡೆ ಕಟ್ಟಿದ್ದಾರೆ. ಗೋಡೆಗೆ ಗಾರೆಯಿಲ್ಲ, ಲಾವಾ ಕಲ್ಲನ್ನು ಒಂದರ ಮೇಲೊಂದು ಜೋಡಿಸಿದ್ದು. ಬೆಟ್ಟದ ಬುಡದಿಂದ ಕಣ್ಣು ಹಾಯುವವರೆಗೆ ಅಂಥ ಸಾವಿರಾರು ಗುಂಡಿಗಳು. ಯಂತ್ರ ಒಳಗಿಳಿಯಲಾಗದು, ಸವರುವುದರಿಂದ ಕೊಯ್ಲಿನವರೆಗೆ ಎಲ್ಲವೂ ಕೈಕೆಲಸ. ನಾವು ಹೋದಾಗ ಎಲೆ ಉದುರಿ ಬಳ್ಳಿಗಳು ಒಣಗಿದ ಬೇರಿನಂತೆ ಕಾಣುತ್ತಿದ್ದವು. ತೋಟದವರ ಅನುಮತಿ ಪಡೆದು ನನ್ನ ಪತ್ನಿ ಒಂದು ಗುಂಡಿಗೆ ಜಾಗ್ರತೆಯಿಂದ ಇಳಿದು, ಅವರು ತೋರಿಸಿದ ಜಾಗದಲ್ಲಿ ಹರಳನ್ನು ಬೆರಳಿನಿಂದ ಒಂದು ಗೇಣಿನಷ್ಟು ಸರಿಸಿದಳು. ಮಟಮಟ ಮಧ್ಯಾಹ್ನ, ಮೇಲಿನ ಹರಳು ಬೆಚ್ಚಗೆ ಕಾದಿತ್ತು. ಅಡಿಯಲ್ಲಿ ಬೆರಳಿಗೆ ಮಣ್ಣು ಅಂಟಿತು. “ಇಲ್ಲಿ ನೋಡ್ರಿ, ಬುಡದಾಗ ಹಸಿ ಐತಿ” ಎಂದು ಅವಳು ಕೈ ಮೇಲೆತ್ತಿ ತೋರಿಸಿದ ಆ ಕ್ಷಣ, ನಮ್ಮ ಮೂವತ್ತೊಂದು ವರ್ಷಗಳ ದಾಂಪತ್ಯದಲ್ಲಿ ನಾವು ಕೈಗೊಂಡ ಯಾವ ಪ್ರವಾಸದಲ್ಲೂ ನನಗೆ ಸಿಕ್ಕಿರಲಿಲ್ಲ. ಹಿಂಗಾರಿ ಜೋಳವನ್ನು ಬರೀ ಹಸಿಯ ಮೇಲೆ, ಇಬ್ಬನಿಯ ಮೇಲೆ ಬೆಳೆದವರ ಮಗಳಿಗೆ ಯಾರೂ ಅದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಭಾಷೆ ಬಾರದ ಆ ತೋಟದವರೂ ಅವಳೂ ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತನಾಡಿದರು.

ಅಲ್ಲಿಯ ಊಟದಲ್ಲೂ ಅಂಥದೇ ನೆಂಟತನ ಸಿಕ್ಕಿತು. ಧಾನ್ಯವನ್ನು ಹುರಿದು ಬೀಸಿದ ‘ಗೋಫಿಯೊ’ ನಮ್ಮ ಹುರಿಹಿಟ್ಟೇ ಸರಿ. ಸ್ಪೇನಿನವರು ಬರುವ ಮೊದಲಿನಿಂದ ಈ ದ್ವೀಪಗಳ ಮೂಲನಿವಾಸಿಗಳು ತಿನ್ನುತ್ತಿದ್ದದ್ದು ಅದನ್ನೇ. ಉಪ್ಪುನೀರಿನಲ್ಲಿ ಸಿಪ್ಪೆ ಸುಕ್ಕುಗಟ್ಟುವಂತೆ ಬೇಯಿಸಿದ ಆಲೂಗಡ್ಡೆಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಅರೆದ ‘ಮೊಹೊ’ ಎಂಬ ಖಾರವನ್ನು ಕೊಡುತ್ತಾರೆ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ.

ತಿಮಾನ್‌ಫಾಯಾ ಪ್ರದೇಶ 1974ರಿಂದ ರಾಷ್ಟ್ರೀಯ ಉದ್ಯಾನ. ಅದರೊಳಗಿನ ಹದಿನಾಲ್ಕು ಕಿಲೋಮೀಟರ್ ದಾರಿಯಲ್ಲಿ ಉದ್ಯಾನದವರ ಬಸ್ಸಿನಲ್ಲಿ ಕುಳಿತೇ ನೋಡಬೇಕು, ಇಳಿಯುವಂತಿಲ್ಲ. ಮೊದಲಿಗೆ ಇದು ನನಗೆ ಬೇಸರ ತಂದಿತು, ನಿಜ. ಆದರೆ ಮುನ್ನೂರು ವರ್ಷ ಕಳೆಯುತ್ತಾ ಬಂದರೂ ಆ ಲಾವಾದ ಮೇಲೆ ಕಲ್ಲುಹೂವು ಬಿಟ್ಟರೆ ಬೇರೇನೂ ಸರಿಯಾಗಿ ಬೇರೂರಿಲ್ಲ; ಒಂದು ಹೆಜ್ಜೆಯ ಭಾರಕ್ಕೆ ಪುಡಿಯಾದದ್ದು ಮತ್ತೆ ಬೆಳೆಯಲು ದಶಕಗಳೇ ಬೇಕು. ವರ್ಷಕ್ಕೆ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಬರುವ ದ್ವೀಪದಲ್ಲಿ ಎಲ್ಲರನ್ನೂ ಇಳಿಯಬಿಟ್ಟಿದ್ದರೆ ಇಂದು ನೋಡಲು ಏನೂ ಉಳಿದಿರುತ್ತಿರಲಿಲ್ಲ. ನಡೆದು ನೋಡಲೇಬೇಕೆನ್ನುವವರಿಗೆ ಮಾರ್ಗದರ್ಶಕರೊಂದಿಗೆ ಹೋಗುವ ಕಾಲುದಾರಿಗಳಿವೆ, ಮುಂಚಿತವಾಗಿ ಹೆಸರು ಕೊಟ್ಟಿರಬೇಕು. ಬಸ್ಸು ಹೊರಡುವ ದಿಬ್ಬದಲ್ಲಿ ಸಿಬ್ಬಂದಿಯೊಬ್ಬರು ನೆಲ ಕೆದಕಿ ನಮ್ಮ ಅಂಗೈಗೆ ಹರಳು ಸುರಿದರು. ಎರಡು ಎಣಿಸುವಷ್ಟರಲ್ಲಿ ಸುಟ್ಟಂತಾಗಿ ಚೆಲ್ಲಬೇಕಾಯಿತು. ಹದಿಮೂರು ಮೀಟರ್ ಆಳದಲ್ಲಿ ಅಲ್ಲಿ ಸುಮಾರು 600 ಡಿಗ್ರಿ ಶಾಖವಿದೆ. ನೆಲದೊಳಕ್ಕೆ ಇಳಿಸಿದ್ದ ಕೊಳವೆಗೆ ಸುರಿದ ಒಂದು ಬಕೆಟ್ ನೀರು ಕ್ಷಣದಲ್ಲೇ ಆವಿಯಾಗಿ ಭೋರೆಂದು ಮೇಲೆ ಚಿಮ್ಮಿತು.

ಈ ದ್ವೀಪ ಹೀಗೆ ಉಳಿದದ್ದು ತಾನಾಗಿ ಅಲ್ಲ. ರಾಜಧಾನಿ ಅರ್ರೆಸಿಫೆಯಲ್ಲಿ 1919ರಲ್ಲಿ ಹುಟ್ಟಿದ ಕಲಾವಿದ ಸೆಸಾರ್ ಮನ್ರಿಕೆ 1966ರಲ್ಲಿ ನ್ಯೂಯಾರ್ಕಿನಿಂದ ಮರಳಿ ಬಂದು, ಸ್ಥಳೀಯ ಆಡಳಿತವನ್ನು ಜೊತೆಗೂಡಿಸಿಕೊಂಡು, ಊರಿನ ಮನೆಗಳು ತಗ್ಗಾಗಿ ಬಿಳಿಯಾಗಿಯೇ ಇರಬೇಕು, ರಸ್ತೆಬದಿಯಲ್ಲಿ ಜಾಹೀರಾತು ಫಲಕ ನಿಲ್ಲಬಾರದು ಎಂದು ಪಟ್ಟುಹಿಡಿದರು. ಎಂಟು ದಿನಗಳಲ್ಲಿ ನಾವು ರಸ್ತೆಗಳಲ್ಲಿ ಒಂದೇ ಒಂದು ದೊಡ್ಡ ಫಲಕ ಕಾಣಲಿಲ್ಲ. ಲಾವಾ ಹರಿದು ಉಂಟಾದ ಗುಳ್ಳೆಗಳೊಳಗೆ ಅವರು ಕಟ್ಟಿಕೊಂಡ ಮನೆಯನ್ನೂ, ಲಾವಾ ಸುರಂಗವನ್ನೇ ಸಭಾಂಗಣವಾಗಿಸಿದ ಹಮೇಯೊಸ್ ದೆಲ್ ಆಗ್ವಾವನ್ನೂ ನೋಡಿದವರಿಗೆ ಅವರ ಹಟದ ಅರ್ಥ ತಿಳಿಯುತ್ತದೆ. ಆ ಸುರಂಗದ ಕೊಳದಲ್ಲಿ ಕಣ್ಣಿಲ್ಲದ, ಉಗುರಿನಷ್ಟು ಪುಟ್ಟ ಬಿಳಿ ಏಡಿಗಳಿವೆ. ನೀರು ಕಂಡಲ್ಲಿ ನಾಣ್ಯ ಎಸೆಯುವ ನಮ್ಮ ಭಕ್ತಿಯನ್ನು ಅಲ್ಲಿ ತಡೆದುಕೊಳ್ಳಲೇಬೇಕು, ಏಕೆಂದರೆ ಲೋಹ ಕರಗಿದ ನೀರು ಆ ಜೀವಿಗಳಿಗೆ ವಿಷ. ಮನ್ರಿಕೆ 1992ರಲ್ಲಿ ತಮ್ಮ ಆ ಮನೆಯ ಸಮೀಪದಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಯುನೆಸ್ಕೊ ಇಡೀ ದ್ವೀಪವನ್ನು ಜೀವಗೋಲ ಮೀಸಲು ಪ್ರದೇಶವೆಂದು ಮಾನ್ಯ ಮಾಡಿತು.

ಆದರೂ ಒತ್ತಡ ತಗ್ಗಿಲ್ಲ. ಇಪ್ಪತ್ತೆರಡು ಲಕ್ಷದಷ್ಟು ಜನಸಂಖ್ಯೆಯ ಕ್ಯಾನರಿ ದ್ವೀಪಗಳಿಗೆ 2024ರಲ್ಲಿ ಒಂದೂಮುಕ್ಕಾಲು ಕೋಟಿಗೂ ಹೆಚ್ಚು ಪ್ರವಾಸಿಗರು ಬಂದರು. ಅದೇ ವರ್ಷದ ಏಪ್ರಿಲ್ 20ರಂದು ಎಲ್ಲ ಪ್ರಮುಖ ದ್ವೀಪಗಳ ಜನ “ಕ್ಯಾನರಿಗೂ ಒಂದು ಮಿತಿಯಿದೆ” ಎಂಬ ಘೋಷಣೆಯೊಂದಿಗೆ ಬೀದಿಗಿಳಿದಿದ್ದರು. ಮನೆಗಳೆಲ್ಲ ಪ್ರವಾಸಿಗರ ತಂಗುದಾಣಗಳಾಗಿ ಬಾಡಿಗೆ ಕೈಗೆಟುಕದಂತಾಗಿದೆ, ನೀರು ಸಾಲುತ್ತಿಲ್ಲ ಎಂಬುದು ಅವರ ಅಳಲು. ಅವರು ನಮ್ಮನ್ನು ದ್ವೇಷಿಸುತ್ತಾರೆಂದು ಇದರ ಅರ್ಥವಲ್ಲ. ಎಂಟು ದಿನಗಳಲ್ಲಿ ಒಬ್ಬರೂ ನಮ್ಮೊಡನೆ ಬಿರುಸಾಗಿ ಮಾತನಾಡಲಿಲ್ಲ. ಆದರೆ ಹೋಗುವವರು ಈ ಅಳಲನ್ನು ತಿಳಿದು ಹೋಗಬೇಕು. ಊರಿನವರೇ ನಡೆಸುವ ಸಣ್ಣ ತಂಗುದಾಣ, ಊರಿನ ಬಸ್ಸು, ಲಾ ಹೇರಿಯಾದವರು ಬೆಳೆದದ್ದನ್ನು ಅವರ ಅಂಗಳದಲ್ಲೇ ಕೊಳ್ಳುವುದು, ಇವೆಲ್ಲ ದುಬಾರಿಯಲ್ಲ.

ಕಲ್ಲಿನ ಮಾತನ್ನು ಒತ್ತಿ ಹೇಳಬೇಕಾಗಿದೆ. ಎಲ್ ಗೋಲ್ಫೊ ಎಂಬಲ್ಲಿ ಕರಿ ಮರಳಿನ ನಡುವೆ ಆಲಿವಿನ್ ಎಂಬ ಹಸಿರು ಹರಳುಗಳು ಮಿನುಗುತ್ತವೆ. ಅವನ್ನಾಗಲಿ, ಲಾವಾ ಕಲ್ಲನ್ನಾಗಲಿ, ಮರಳನ್ನಾಗಲಿ ಒಯ್ಯುವುದಕ್ಕೆ ನಿಷೇಧವಿದೆ, ದಂಡವೂ ಇದೆ. ಮರಳುವ ದಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮ ಮುಂದಿದ್ದ ದಂಪತಿಯ ಚೀಲದಿಂದ ಕಾಲುಚೀಲದಲ್ಲಿ ಸುತ್ತಿಟ್ಟಿದ್ದ ಮೂರು ಕರಿ ಕಲ್ಲುಗಳು ಹೊರಬಂದವು. ಅವರು ಕಳ್ಳರಲ್ಲ, ನೆನಪಿಗೆಂದು ಆಯ್ದುಕೊಂಡವರು. ಆ ಹೆಂಗಸಿನ ಮುಖ ಕೆಂಪಾದದ್ದನ್ನು ನೋಡಿ ನಮಗೇ ಸಂಕಟವಾಯಿತು. ಅವರ ಕೈಗೆ ಸಿಕ್ಕ ಪ್ರವಾಸ ಕೈಪಿಡಿಯಲ್ಲಿ ಒಂದು ಸಾಲು ಇದ್ದಿದ್ದರೆ ಆ ಅವಮಾನ ತಪ್ಪುತ್ತಿತ್ತು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸ್ಪೇನ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಬೇಕು, ಬ್ರಿಟನ್ನಿನಲ್ಲಿ ವಾಸದ ಪರವಾನಗಿ ಇದ್ದರೂ ಸಾಲದು. ಶುಲ್ಕ 90 ಯೂರೊ. ಚಳಿಗಾಲದಲ್ಲಿ ಅರ್ಜಿ ಸಲ್ಲಿಸುವ ದಿನ ಸಿಗುವುದೇ ಕಷ್ಟವಾದ್ದರಿಂದ ಎರಡು ಮೂರು ತಿಂಗಳು ಮೊದಲೇ ಪ್ರಯತ್ನಿಸಬೇಕು.

ಆದ್ದರಿಂದ ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟೆ. ಈ ವರ್ಷ ಇಂಥ ದ್ವೀಪಗಳ ಬಗ್ಗೆ ಬರೆಸುವಾಗ ನೀರಿನ ಮೂಲ, ಕಲ್ಲಿನ ನಿಷೇಧ, ಅಲ್ಲಿಯ ಜನರ ಅಳಲು, ಈ ಮೂರಕ್ಕೂ ಜಾಗ ಕೊಡಿಸಿ. ಲಾ ಹೇರಿಯಾದ ಬೇಸಾಯ ಪ್ರವಾಸ ಪುಟದಲ್ಲಿ ಹಿಡಿಸದಿದ್ದರೆ ಕೃಷಿ ಪುಟದಲ್ಲಾದರೂ ಬರಲಿ. ಮಳೆಯಾಶ್ರಿತ ಹೊಲವಿರುವ ನಮ್ಮ ಓದುಗರಿಗೆ ಹೋಟೆಲಿನ ಚಿತ್ರಕ್ಕಿಂತ ಅದು ಹೆಚ್ಚು ಹತ್ತಿರದ್ದು. ನನ್ನ ಪತ್ನಿ ಆ ಗುಂಡಿಯ ಅಗಲವನ್ನು ಹೆಜ್ಜೆಯಲ್ಲಿ, ಗೋಡೆಯ ಎತ್ತರವನ್ನು ಮೊಳದಲ್ಲಿ, ಹರಳಿನ ದಪ್ಪವನ್ನು ಗೇಣಿನಲ್ಲಿ ಅಳೆದು ತನ್ನ ನೋಟ್‌ಪುಸ್ತಕದಲ್ಲಿ ನಕ್ಷೆ ಬರೆದಿಟ್ಟಿದ್ದಾಳೆ. ಪತ್ರಿಕೆಗೆ ಉಪಯೋಗವಾಗುವುದಾದರೆ ಅದರ ಪ್ರತಿಯನ್ನು ಕಳುಹಿಸಿಕೊಡುತ್ತೇವೆ.

ಇಂತಿ,
ತಮ್ಮ ಪತ್ರಿಕೆಯ ಓದುಗ ದಂಪತಿ
ಇಂಗ್ಲೆಂಡ್